ಅಪ್‌ಡೇಟ್: ಲಿನಕ್ಸ್‌ನಲ್ಲಿ ಧಾರಾವಾಹಿ ಓಡಿತು
ಉಬುಂಟುವಿನಲ್ಲಿ (ಲಿನಕ್ಸ್‌ನ ಒಂದು ಬಗೆ) ಸಾರ್ವಜನಿಕ ಪ್ರಸಾರ ಸಂಸ್ಥೆಯೊಂದರ ಸೈಟ್ ‘ನಿಮ್ಮ ಸಿಸ್ಟಮ್‌ಗೆ ಬೆಂಬಲವಿಲ್ಲ’ ಅಂತ ತೋರಿಸುತ್ತೆ ಎಂದು ಹೋದ ವಾರ ಕೇಳಿದ್ದೆ. ಈಗ ಪುಣೆಯ ಮನೆಯಲ್ಲಿ ಅಮ್ಮ ದಿನಾ ಕನ್ನಡ ಧಾರಾವಾಹಿ ನೋಡುತ್ತಿದ್ದಾರೆ.

ಕ್ಯಾಶ್ ಅಳಿಸಿದ್ದು, ಕೋಡೆಕ್ (ವಿಡಿಯೋ ಓಡಿಸಲು ಬೇಕಾದ ತಂತ್ರಾಂಶ) ಹಾಕಿದ್ದು ಉಪಯೋಗಕ್ಕೆ ಬರಲಿಲ್ಲ. ಫೈರ್‌ಫಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಡಿಆರ್‌ಎಂಗೆ (ನಕಲು ತಡೆಯಲು ವಿಡಿಯೋಗೆ ಹಾಕುವ ಬೀಗ; ಅಂಥ ವಿಡಿಯೋ ಓಡಿಸಲು ಅನುಮತಿ) ಟಿಕ್ ಹಾಕಿ ಎಂದ ಪಿಂಪ್ರಿಯ ಗೆಳೆಯರಿಗೆ ಥ್ಯಾಂಕ್ಸ್. ಆ ಬೀಗ ತೆರೆಯುವ ವೈಡ್‌ವೈನ್ ಎಂಬ ತಂತ್ರಾಂಶ ಇಳಿಯಿತು, ವಿಡಿಯೋ ಶುರುವಾಯಿತು.

ಯೂಸರ್ ಏಜೆಂಟ್ (ಬ್ರೌಸರ್ ಸೈಟಿಗೆ ಹೇಳುವ ತನ್ನ ಗುರುತು) ಬದಲಿಸಿ ವಿಂಡೋಸ್ ಅಂತ ತೋರಿಸುವ ಸಲಹೆ ಮಾತ್ರ ಬೇಡ ಅನಿಸಿತು. ಆಗ ಸೈಟಿನ ಲೆಕ್ಕದಲ್ಲಿ ನಾವೂ ವಿಂಡೋಸ್‌ನವರೇ ಆಗಿಬಿಡುತ್ತೇವೆ, ಅಲ್ವಾ? ಹುಡುಕುವಾಗ ಗೊತ್ತಾಯಿತು: 2007ರಲ್ಲಿ ಬಿಬಿಸಿ ತನ್ನ ಸೈಟಿಗೆ ಬರುವ ಲಿನಕ್ಸ್ ಬಳಕೆದಾರರು 400ರಿಂದ 600 ಅಂದಿತ್ತು. ಜನ ಆಕ್ಷೇಪ ಎತ್ತಿದ ಮೇಲೆ ಅದೇ ಲೆಕ್ಕ 36,600ರಿಂದ 97,600 ಆಯಿತು! ಎಣಿಕೆಯಲ್ಲಿ ಕಾಣಿಸದಿದ್ದರೆ ನಮ್ಮನ್ನು ಯಾರು ಕೇಳುತ್ತಾರೆ?

‘ಬೆಂಬಲವಿಲ್ಲ’ ಅನ್ನುವ ಬದಲು ಡಿಆರ್‌ಎಂ ಆನ್ ಮಾಡಿ ಅಂತ ತೋರಿಸಿ ಎಂದು ಸೈಟಿನವರಿಗೂ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.