ಜೀನ್ಸ್ ಸಂದಿ ಫೋಟೊದಾಗ ಎರಡು ಕಪ್ಪು ಪಟ್ಟಿ, ಶ್ಯಾಡೋಸ್ ಎತ್ತಿದ್ರ ಇನ್ನೂ ಜಾಸ್ತಿ

ಗಲ್ಲಿ_ಕ್ಲಿಕ್ (ಬಳ್ಳಾರಿ)
ಕೌಲ್ ಬಜಾರ್ ಕಡೆ ಒಂದು ಸಂದಿ, ಎರಡೂ ಬದಿ ಜೀನ್ಸ್ ಹೊಲಿಯೋ ಅಂಗಡಿ. ಸಂಜಿ ಹೊತ್ತು, ಮ್ಯಾಲೆ ಆಕಾಶ ಇನ್ನೂ ನೀಲಿ. ಫೋಟೊದಾಗ ಮ್ಯಾಲಿಂದ ಕೆಳಗ ಎರಡು ಕಪ್ಪು ಪಟ್ಟಿ ಬಂದಾವ. ಫೋಟೊ ತಿದ್ದೋ ಲೈಟ್‌ರೂಮ್‌ನಾಗ ಶ್ಯಾಡೋಸ್ (ನೆರಳು ಬೆಳಗಿಸೋದು) +80 ಮಾಡಿದ್ರ ಇನ್ನೂ ಎದ್ದು ಕಾಣ್ತಾವ. ಗ್ವಾಡಿ ಒಂದು ಕಡೆ ಕಿತ್ತಳೆ, ಒಂದು ಕಡೆ ಸುಣ್ಣದಂಗ ಬಿಳಿ. ಫ್ಯೂಜಿ ಎಕ್ಸ್-ಟಿ30, 18-55 ಲೆನ್ಸ್. ತಲಿ ಕೆಟ್ಟು ಹೋಗೈತಿ, ಏನ್ ಮಾಡ್ಲಿ ಹೇಳ್ರಿ.

ರಾಯಚೂರು_ರಾ
ಜೆಪೆಗ್ ಎಳದಾಡಿದ್ರ ಹಿಂಗೇ ಆಗ್ತದ. ಡಿಆರ್400 (ಬೆಳಕಿನ ಜಾಗ ಸುಡದಂಗ ಕಾಯೋ ಸೆಟ್ಟಿಂಗ್) ಹಾಕಿದ್ರೇನು? ಅದಕ್ಕ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) ಕನಿಷ್ಠ 640 ಬೇಕು, ಎರಡು ಸ್ಟಾಪ್ (ಅಂದ್ರ ಕಾಲು ಭಾಗಕ್ಕ) ಕಡಿಮಿ ಎಕ್ಸ್‌ಪೋಸ್ ಮಾಡಿ ಆಮೇಲೆ ನೆರಳು ಎತ್ತತದ. ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್) ತಗೀರಿ.

ಗಲ್ಲಿ_ಕ್ಲಿಕ್
ರಾ ಫೈಲೇ ರೀ. ಡಿಆರ್100. ಐಎಸ್‌ಒ 6400.

ರಾಯಚೂರು_ರಾ
ಸಿಕ್ತು ನೋಡ್ರಿ. 6400ರಾಗ +80 ಎತ್ತಿದ್ರ ಸೆನ್ಸರಿಂದೇ ನಾಯ್ಸ್ (ಕಾಳು ಕಾಳು ಕಲೆ), ಪಟ್ಟಿ ಬರ್ತಾವ. ಟ್ರೈಪಾಡ್ ಇಟ್ಟು ಐಎಸ್‌ಒ 160, ಮೂರು ಫ್ರೇಮ್ ಬ್ರಾಕೆಟ್ (ಕತ್ತಲಿ, ಸರಿ, ಬೆಳಕು): -2, 0, +2. ಮರ್ಜ್ ಮಾಡ್ರಿ, ಮುಗೀತು.

ಸಿರುಗುಪ್ಪ_35
ಆ ಸಂದ್ಯಾಗ ಟ್ರೈಪಾಡ್ ಎಲ್ಲಿ ಇಡ್ತೀರಿ ಅಣ್ಣ, ಬೈಕ್ ಹೋಗಾಕ ಜಾಗ ಬ್ಯಾಡೇನು? ಮೂರು ಫ್ರೇಮ್ ಮರ್ಜ್ ಮಾಡಿದ್ರ ನಡೆಯೋ ಮಂದಿ ದೆವ್ವದಂಗ ಬರ್ತಾರ.

ರಾಯಚೂರು_ರಾ
ಡಿಘೋಸ್ಟ್ ಅಂತ ಒಂದು ಆಯ್ಕೆ ಅದ ರೀ.

ಸಿರುಗುಪ್ಪ_35
ಡಿಘೋಸ್ಟ್ ಆ ಜಾಗಕ್ಕ ಒಂದೇ ಫ್ರೇಮ್ ತಗೋತೈತಿ. ನಾಯ್ಸ್ ವಾಪಸ್ ಬಂತಲ್ಲ.

ಕೊಪ್ಪಳ_ಕ್ಯಾಂಡಿಡ್
ಎಲ್‌ಇಡಿ ಟ್ಯೂಬ್ ಮಿನುಗೋದು ಇರಬಹುದಾ?

ರಾಯಚೂರು_ರಾ
ಎಲ್‌ಇಡಿ ಪಟ್ಟಿ ಅಡ್ಡ ಬರ್ತಾವ, ಇವರದ್ದು ಉದ್ದಕ್ಕ ಅದಾವ. ಅದಲ್ಲ. ನಾಯ್ಸೇ.

ಗುಡ್ಡದ_ಬೆಳಕು
ಕ್ಯಾಮೆರಾ ಉದ್ದಕ್ಕ ನಿಲ್ಲಿಸಿ ಹಿಡಿದಿದ್ರೇನು? ಶಟರ್ ಟೈಪ್ ಯಾವುದು, ವೇಗ ಎಷ್ಟು? ಆಕಾಶದಾಗ ಪಟ್ಟಿ ಅದಾವೇನು?

ಗಲ್ಲಿ_ಕ್ಲಿಕ್
ಸಂದಿ ಅಲ್ರೀ, ನಿಲ್ಲಿಸೇ ಹಿಡೀಬೇಕು. ಸಪ್ಪಳ ಬ್ಯಾಡಂತ ಇಎಸ್ (ಎಲೆಕ್ಟ್ರಾನಿಕ್ ಶಟರ್). 1/640 ಸೆಕೆಂಡ್, ಲೆನ್ಸಿನ ತೆರಪು ಎಫ್/4. ಆಕಾಶದಾಗ ಇಲ್ಲ, ಅಂಗಡಿ ಬೆಳಕು ಬಿದ್ದಲ್ಲಿ ಅಷ್ಟ.

ಗುಡ್ಡದ_ಬೆಳಕು
ಹಂಗಾದ್ರ ಕೊಪ್ಪಳದವರು ಹೇಳಿದ್ದೇ ಖರೆ. ಕ್ಯಾಮೆರಾ ನಿಲ್ಲಿಸಿದ್ರ ಅಡ್ಡ ಪಟ್ಟಿ ಉದ್ದ ಆಗ್ತಾವ. ಸೆನ್ಸರ್ ನಾಯ್ಸ್ ಆಗಿದ್ರ ಟ್ಯೂಬ್ ಬೆಳಕು ಬಿದ್ದ ಜಾಗ ಹುಡುಕ್ಕೊಂಡು ಕೂಡಂಗಿಲ್ಲ, ಕತ್ತಲ ಮೂಲಿಯೊಳಗೇ ಮೊದಲು ಕಾಣಬೇಕಿತ್ತು.

ನಮ್ಮ ಕರೆಂಟ್ 50 ಹರ್ಟ್ಜ್. ಅಗ್ಗದ ಡ್ರೈವರ್ ಇರೋ ಟ್ಯೂಬ್ ಸೆಕೆಂಡಿಗೆ 100 ಸಲ ಮಂಕಾಗಿ ಬೆಳಗ್ತದ. ಎಲೆಕ್ಟ್ರಾನಿಕ್ ಶಟರ್‌ನಾಗ ಸೆನ್ಸರ್ ಸಾಲು ಸಾಲಾಗಿ ಓದ್ತದ, ಪೂರ್ತಿ ಓದಾಕ 20 ಮಿಲಿಸೆಕೆಂಡ್ ಹಿಡಿದ್ರ ಎರಡು ಪಟ್ಟಿ, 30 ಹಿಡಿದ್ರ ಮೂರು. ಎಡ ಬಲ ಅಂಗಡಿ ಬೇರೆ ಬೇರೆ ಫೇಸ್‌ನಾಗಿದ್ರ ಎರಡೂ ಬದಿ ಪಟ್ಟಿ ಒಂದಕ್ಕೊಂದು ಹೊಂದಂಗಿಲ್ಲ, ಅದಕ್ಕ ಗಾಬರಿ ಆಗಬ್ಯಾಡ್ರಿ.

ಮತ್ತ ತಗೀವಾಗ ಶಟರ್ ಟೈಪ್ ಎಂಎಸ್ (ಮೆಕ್ಯಾನಿಕಲ್ ಶಟರ್), ವೇಗ 1/100. ಒಂದು ಮಿನುಗು ಪೂರ್ತಿ ಒಳಗ ಬರ್ತದ, ಪಟ್ಟಿ ಹೋಗ್ತದ. 1/50 ಆದ್ರೂ ನಡೀತದ, ಲೆನ್ಸಿನಾಗ ಓಐಎಸ್ (ಕೈ ನಡುಕ ಸರಿ ಮಾಡೋದು) ಅದಲ್ಲ. 1/100ಕ್ಕ ಬಂದ್ರ ಎಫ್/4ರಾಗೇ ಐಎಸ್‌ಒ 6400 ಇದ್ದದ್ದು 1000ಕ್ಕ ಇಳೀತದ. ಬೈಕ್ ಮಸುಕಾಗ್ತದ, ಆಗ್ಲಿ ಬಿಡ್ರಿ. ಎಂಎಸ್ ಹಾಕಿ 1/500 ಇಟ್ರ ಮಾತ್ರ ಪ್ರಯೋಜನ ಇಲ್ಲ, ಶಟರ್ ಪರದೆ ಸೆನ್ಸರ್ ದಾಟೋ ಹೊತ್ತಿನೊಳಗೇ ಬೆಳಕು ಬದಲಾಗ್ತದ, ಫ್ರೇಮಿನ ಒಂದು ಅಂಚು ಮಂಕಾಗ್ತದ. ಯಾವ ಟ್ಯೂಬ್ ಕೆಟ್ಟದ್ದು ಅಂತ ನೋಡಬೇಕಾದ್ರ ಮೊಬೈಲ್ ಸ್ಲೋ-ಮೋಷನ್, ಸೆಕೆಂಡಿಗೆ 240 ಫ್ರೇಮಿನಾಗ ಹಿಡೀರಿ, ಮಿನುಗೋದು ಕಣ್ಣಿಗೇ ಕಾಣ್ತದ.

ಈಗಿರೋ ಫೋಟೊಕ್ಕ: ಶ್ಯಾಡೋಸ್ +30ಕ್ಕ ಇಳಸ್ರಿ. ಪಟ್ಟಿಯ ಎಡ ಅಂಚಿಂದ ಒಂದು ಲೀನಿಯರ್ ಗ್ರೇಡಿಯೆಂಟ್ (ಮೆಲ್ಲಗ ಮಾಸೋ ಆಯ್ಕೆ), ಬಲ ಅಂಚಿಂದ ಇನ್ನೊಂದು, ಎರಡನ್ನೂ ಇಂಟರ್‌ಸೆಕ್ಟ್ ಮಾಡ್ರಿ. ಎರಡೂ ಕೂಡಿದ ಜಾಗ ಅಷ್ಟೇ ಉಳೀತದ, ಅದೇ ಮಾಸ್ಕ್. ಅದರಾಗಿಂದ ಸ್ಕೈ (ಆಕಾಶ) ಕಳೀರಿ. ಎಕ್ಸ್‌ಪೋಷರ್ +0.3ರಿಂದ ಸಣ್ಣಗ ಏರಿಸ್ಕೋತ ಹೋಗ್ರಿ. ಎರಡನೇ ಪಟ್ಟಿಗೂ ಹಂಗೇ.

ಗಲ್ಲಿ_ಕ್ಲಿಕ್
ಮೊದಲನೇ ಪಟ್ಟಿ ಹೋತು! ಎರಡನೇದು ಹಳೇ ಬೀದಿ ದೀಪದ ಬೆಳಕಿನ ಮ್ಯಾಲೆ ಹಾದೈತಿ, ಎತ್ತಿದ್ರ ಗ್ವಾಡಿ ಬೆಂಕಿ ಹತ್ತಿದಂಗ ಆಗ್ತೈತಿ. ಜೀನ್ಸ್ ಗಂಟೂ ಕಪ್ಪು.

ಗುಡ್ಡದ_ಬೆಳಕು
ಅದು ಸೋಡಿಯಂ ದೀಪ. ಆ ಬೆಳಕಿನಾಗ ನೀಲಿ ಇರೋದೇ ಬಹಳ ಕಡಿಮಿ. ಜೀನ್ಸಿನ ನೀಲಿ ಫೈಲಿನಾಗೇ ಇಲ್ಲಂದ ಮ್ಯಾಲೆ ವೈಟ್ ಬ್ಯಾಲೆನ್ಸ್ ಎಷ್ಟು ತಿರುವಿದ್ರೂ ಬರಂಗಿಲ್ಲ. ಆ ಮಾಸ್ಕಿನಾಗ ಸ್ಯಾಚುರೇಶನ್ -25, ಟೆಂಪ್ ಸ್ವಲ್ಪ ನೀಲಿ ಕಡಿಗೆ. ಮುಂದಿನ ಸಲ ಸೂರ್ಯ ಮುಳುಗಿ 15-20 ನಿಮಿಷಕ್ಕ ಹೋಗ್ರಿ, ಆಕಾಶದ ಬೆಳಕು ಗಂಟಿನ ಮ್ಯಾಲೆ ಇನ್ನೂ ಬೀಳ್ತಿರ್ತದ.

ರಾಯಚೂರು_ರಾ
ಕ್ಯಾಮೆರಾದಾಗ ಫ್ಲಿಕರ್ ರಿಡಕ್ಷನ್ (ಮಿನುಗು ತಡೆಯೋ ಸೆಟ್ಟಿಂಗ್) ಆನ್ ಮಾಡಿದ್ರ ಸಾಕಲ್ಲ, ಇಷ್ಟೆಲ್ಲ ಯಾಕ?

ಕೊಪ್ಪಳ_ಕ್ಯಾಂಡಿಡ್
ಅದು ಎಲೆಕ್ಟ್ರಾನಿಕ್ ಶಟರ್ ಜೊತಿ ಕೆಲಸ ಮಾಡಂಗಿಲ್ಲ ಸರ್.

ಸಿರುಗುಪ್ಪ_35
ಫುಲ್ ಫ್ರೇಮ್ (ದೊಡ್ಡ ಸೆನ್ಸರ್ ಕ್ಯಾಮೆರಾ) ತಗೊಳ್ರಿ, ನಂದು 35 ಎಂಎಂ ಎಫ್/1.4 ಲೆನ್ಸ್. ರಾತ್ರಿ ಸಂದಿನೂ ಹಗಲಿದ್ದಂಗ.

ರಾಯಚೂರು_ರಾ
1.4ರಾಗ ಸಂದಿ ಉದ್ದಕ್ಕೂ ಫೋಕಸ್ ಎಲ್ಲಿ ಸಿಗ್ತದ? ಎಫ್/8ಕ್ಕ ಹೋಗಬೇಕು, ಎಫ್/8 ಅಂದ್ರ ಟ್ರೈಪಾಡೇ ಬೇಕು.

ಸಿರುಗುಪ್ಪ_35
ಮತ್ತ ಬಂತು ಟ್ರೈಪಾಡ್!