ರೆಕಾರ್ಡ್ ಮಾಡಿದ ಆಪೆರಾದಲ್ಲಿ ಹೊಗೆ, ಕತ್ತಲೆಯ ದೃಶ್ಯಗಳು ಒಡೆದು ಕಾಣುವುದೇಕೆ?

ಪ್ರಶ್ನೆ:
ಟಿವಿಯಲ್ಲಿ ಪ್ರಸಾರವಾದ, ಜರ್ಮನ್ ಸಂಗೀತಕಾರ ವಾಗ್ನರ್‌ನ ‘ದೀ ವಾಲ್ಕ್ಯೂರೆ’ ಆಪೆರಾವನ್ನು (ಸಂಗೀತ ನಾಟಕವನ್ನು) ಡಿವಿಡಿ ರೆಕಾರ್ಡರ್‌ನ ನಾಲ್ಕು ಗಂಟೆಯ ಎಲ್‌ಪಿ ಮೋಡ್‌ನಲ್ಲಿ ಒಂದೇ ಡಿಸ್ಕ್‌ಗೆ ಇಳಿಸಿಕೊಂಡಿದ್ದೇನೆ. ಬೆಳಕಿರುವ ಕಡೆ ಚಿತ್ರ ತಕ್ಕಮಟ್ಟಿಗೆ ಚೆನ್ನಾಗಿದೆ. ಆದರೆ ಕೊನೆಯಲ್ಲಿ ನಾಯಕಿ ಬ್ರೂನ್‌ಹಿಲ್ಡೆಯನ್ನು ಬೆಂಕಿ ಸುತ್ತುವರಿಯುವಾಗ ಹೊಗೆಯೆಲ್ಲ ಚೌಕಚೌಕವಾಗಿ ಒಡೆಯುತ್ತದೆ, ಹಿಂದಿನ ಕತ್ತಲೆಯಲ್ಲಿ ಪಟ್ಟೆಗಳು ಮೂಡುತ್ತವೆ. ಧ್ವನಿಯಲ್ಲಿ ದೋಷವಿಲ್ಲ. ಒಳ್ಳೆಯ ಕೇಬಲ್ ಹಾಕಿದರೆ ಇದು ಸರಿಹೋದೀತೆ?

ಉತ್ತರ 1:
ಕೇಬಲ್‌ಗೆ ಹಣ ಸುರಿಯುವ ಮುನ್ನ ಒಂದು ಲೆಕ್ಕ ಹಾಕಿ ನೋಡಿ. ಡಿಸ್ಕ್‌ನಲ್ಲಿರುವುದು 4.7 ಗಿಗಾಬೈಟ್ ಜಾಗ. ಅದನ್ನು ನಾಲ್ಕು ಗಂಟೆಗೆ ಹಂಚಿದರೆ, ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 2.6 ಮೆಗಾಬಿಟ್ ಮಾತ್ರ ಸಿಗುತ್ತದೆ. ಎರಡು ಗಂಟೆಯ ಎಸ್‌ಪಿ ಮೋಡ್‌ನಲ್ಲಾದರೆ ಅದರ ಎರಡರಷ್ಟು. ಡಿವಿಡಿಗಾಗಿ ಚಿತ್ರವನ್ನು ಕುಗ್ಗಿಸುವ ಎಂಪೆಗ್-2 ವಿಧಾನವು ಬಹುಪಾಲು ಹಿಂದಿನ ಚೌಕಟ್ಟಿಗೂ (ಫ್ರೇಮ್) ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ದಾಖಲಿಸಿ ಜಾಗ ಉಳಿಸುತ್ತದೆ. ನಿಂತಲ್ಲೇ ನಿಂತು ಹಾಡುವ ಗಾಯಕರಿಗೆ ಅದು ಸಾಕು. ಹೊಗೆ ಮತ್ತು ಜ್ವಾಲೆಗಳಲ್ಲಾದರೋ ಪ್ರತಿ ಬಿಂದುವೂ ಕ್ಷಣಕ್ಷಣಕ್ಕೆ ಬದಲಾಗುವುದರಿಂದ, ಉಳಿಸಲು ಏನೂ ಸಿಗದೆ ಸೂಕ್ಷ್ಮ ವಿವರಗಳನ್ನು ಕೈಬಿಡಬೇಕಾಗುತ್ತದೆ. ನಿಮಗೆ ಕಾಣುತ್ತಿರುವ ಚೌಕಗಳು ಹಾಗೆ ಹುಟ್ಟಿದವು. ಈ ಕೃತಿಯ ಮೂರು ಅಂಕಗಳಲ್ಲಿ ಯಾವುದೂ ಎರಡು ಗಂಟೆ ಮೀರುವುದಿಲ್ಲವಾದ್ದರಿಂದ ಅಂಕಕ್ಕೊಂದು ಡಿಸ್ಕ್ ಬಳಸಿ. ಡಿಸ್ಕ್ ಬದಲಿಸಲು ಎದ್ದು ಹೋಗುವ ತೊಂದರೆಯನ್ನು ವಾಗ್ನರ್ ಪ್ರಿಯರು ಸಹಿಸಿಕೊಂಡಾರು!

ಉತ್ತರ 2:
ಮೇಲಿನ ಮಾತು ಸರಿ. ಆದರೂ ಅದೇ ವಾಹಿನಿಯಲ್ಲಿ ಇಂಥದೇ ದೃಶ್ಯ ನೇರವಾಗಿ ಹೇಗೆ ಕಾಣುತ್ತದೆ ಎಂಬುದನ್ನು ಮೊದಲು ಗಮನಿಸಿ. ಪ್ರಸಾರದಲ್ಲೇ ಚೌಕಗಳಿದ್ದರೆ ಯಾವ ಮೋಡ್‌ನಿಂದಲೂ ಅವು ಹೋಗುವುದಿಲ್ಲ. ಈಗಾಗಲೇ ಕುಗ್ಗಿಸಿದ ಚಿತ್ರವನ್ನು ರೆಕಾರ್ಡರ್ ಮತ್ತೊಮ್ಮೆ ಕುಗ್ಗಿಸುವುದರಿಂದ ಇನ್ನಷ್ಟು ಎದ್ದು ಕಾಣುತ್ತವೆ. ಬಂದ ಡಿಜಿಟಲ್ ಸಂಕೇತವನ್ನು ಹಾಗೆಯೇ ಹಾರ್ಡ್ ಡಿಸ್ಕ್‌ನಲ್ಲಿ ಉಳಿಸುವ ಸೆಟ್‌ಟಾಪ್ ಬಾಕ್ಸ್ ಇದ್ದರೆ ಈ ಎರಡನೆಯ ನಷ್ಟವೇ ಇರುವುದಿಲ್ಲ. ಕೇಬಲ್‌ನ ದೋಷ ಬೇರೆ ಬಗೆಯದು: ಹಳದಿ ತುದಿಯ ಕಾಂಪೋಸಿಟ್ ಕೇಬಲ್‌ನಲ್ಲಿ ಬಣ್ಣಗಳ ಅಂಚಿನಲ್ಲಿ ಚುಕ್ಕಿಗಳು ಹರಿದಾಡುತ್ತವೆ. ಅದು ಕಂಡರೆ ಮಾತ್ರ, ಬೆಳಕು ಮತ್ತು ಬಣ್ಣವನ್ನು ಬೇರೆಬೇರೆಯಾಗಿ ಸಾಗಿಸುವ ಎಸ್-ವಿಡಿಯೊ ಕೇಬಲ್‌ಗೆ ಬದಲಿಸಿಕೊಳ್ಳಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮರುಪ್ರಸಾರವನ್ನು ನೇರವಾಗಿ ನೋಡಿದಾಗ ಹೊಗೆ ಬಹುಮಟ್ಟಿಗೆ ನಯವಾಗಿಯೇ ಇತ್ತು. ಮೂರನೆಯ ಅಂಕವನ್ನು ಎಸ್‌ಪಿಯಲ್ಲಿ ಪ್ರತ್ಯೇಕವಾಗಿ ರೆಕಾರ್ಡ್ ಮಾಡಿದ ಮೇಲೆ ಚೌಕಗಳು ಹೆಚ್ಚುಕಡಿಮೆ ಮಾಯವಾಗಿವೆ. ಕತ್ತಲೆಯ ಪಟ್ಟೆಗಳು ಮಾತ್ರ ಉಳಿದಿವೆ, ಆದರೆ ಅವು ಪ್ರಸಾರದಲ್ಲಿಯೂ ಇದ್ದವು.