ಮಗನಿಗೆ 14, ಐಸ್ ಹಾಕಿಯಲ್ಲೇ ಮುಂದುವರೀತೀನಿ ಅಂತಾನೆ: ದಾರಿ ಗೊತ್ತಿರೋರು ತಿಳಿಸಿ

ಬ್ರಾಂಪ್ಟನ್ ಅಪ್ಪ: ಮಗ ಡಬಲ್ ಎ (ಮೇಲಿಂದ ಎರಡನೇ ಹಂತ) ತಂಡದಲ್ಲಿ ಡಿಫೆನ್ಸ್ ಆಡ್ತಾನೆ. ಒಎಚ್‌ಎಲ್ (ಕೆನಡಾದ ಒಂಟಾರಿಯೊದ ಜೂನಿಯರ್ ಲೀಗ್) ಡ್ರಾಫ್ಟ್‌ಗೆ, ಅಂದ್ರೆ ತಂಡಗಳು ಸರದಿಯಲ್ಲಿ ಹುಡುಗರನ್ನ ಆರಿಸೋ ಆಯ್ಕೆಗೆ ಹೋಗೋದಾ, ಅಮೆರಿಕದ ಕಾಲೇಜು ಹಾಕಿಗೆ ಕಾಯೋದಾ? ಸಲಹೆಗಾರರೊಬ್ಬರು (ಏಜೆಂಟ್) ಈಗಲೇ ತಮ್ಮ ಜೊತೆ ಸಹಿ ಹಾಕಿ ಅಂತಿದ್ದಾರೆ.

ಕಿಚನರ್ ಬೆಂಚ್: ಸಹಿ ಈಗ ಖಂಡಿತ ಬೇಡ. 14ಕ್ಕೆ ಏಜೆಂಟ್ ಮಾಡಿಕೊಡೋ ಕೆಲಸ ಏನೂ ಇಲ್ಲ. ಎನ್‌ಎಚ್‌ಎಲ್ (ಉತ್ತರ ಅಮೆರಿಕದ ಅಗ್ರ ವೃತ್ತಿಪರ ಲೀಗ್) ತಂಡದ ಜೊತೆ ಒಪ್ಪಂದ ಮಾತಾಡೋಕೆ ಆಟಗಾರರ ಸಂಘದ ಮಾನ್ಯತೆ ಬೇಕು. ಅದು ಇದೆಯಾ ಅಂತ ಕೇಳಿ. ಉತ್ತರ ತೇಲಿಸಿದ್ರೆ ಅಲ್ಲಿಗೇ ಬಿಟ್ಟುಬಿಡಿ.

ಇದಾ ಅದಾ ಅನ್ನೋ ಲೆಕ್ಕ ಹಳೇದಾಯ್ತು. ಮುಂಚೆ ಒಎಚ್‌ಎಲ್‌ನಲ್ಲಿ ಆಡಿದವರಿಗೆ ಎನ್‌ಸಿಎಎ ಡಿವಿಷನ್ 1ರ (ಅಮೆರಿಕದ ಕಾಲೇಜು ಕ್ರೀಡೆಯ ಅಗ್ರ ಹಂತ) ಬಾಗಿಲು ಮುಚ್ಚಿಹೋಗ್ತಿತ್ತು. 2025ರ ಆಗಸ್ಟ್ 1ರಿಂದ ಆ ನಿಯಮ ಹೋಗಿದೆ. ಆದ್ರೆ ಅಗತ್ಯ ಖರ್ಚಿಗಿಂತ ಹೆಚ್ಚು ದುಡ್ಡು ತಗೊಂಡಿರಬಾರದು, ಎನ್‌ಎಚ್‌ಎಲ್ ಒಪ್ಪಂದಕ್ಕೆ ಸಹಿ ಹಾಕಿರಬಾರದು. ಡ್ರಾಫ್ಟ್‌ನಲ್ಲಿ ಹೆಸರು ಬಂತು ಅಂತ ಸೇರಲೇಬೇಕಾಗಿಲ್ಲ, ಅವನ ಹಕ್ಕು ಆ ತಂಡದ ಹತ್ರ ಇರುತ್ತೆ ಅಷ್ಟೆ.

ಎಷ್ಟೋ ಮಕ್ಕಳು ಎಡವೋದು ಶಾಲೆಯ ಕೋರ್ಸ್‌ಗಳಲ್ಲಿ. ಎನ್‌ಸಿಎಎಗೆ 9ನೇ ಗ್ರೇಡ್‌ನಿಂದಲೇ ಲೆಕ್ಕ ಶುರು, ಒಟ್ಟು 16 ಕೋರ್ ಕೋರ್ಸ್ (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ವಿಷಯ) ಬೇಕು. 12ನೇ ಗ್ರೇಡ್‌ಗೆ ಬಂದ ಮೇಲೆ ಎರಡು ಕಡಿಮೆ ಅಂತ ಗೊತ್ತಾದ್ರೆ ತುಂಬಿಸೋದು ಬಹಳ ಕಷ್ಟ. ಈ ವರ್ಷವೇ ಗೈಡೆನ್ಸ್ ಕೌನ್ಸೆಲರ್ ಹತ್ರ ಪಟ್ಟಿ ಮಾಡಿಸಿ.

ಗೋಲಿ ಅಮ್ಮ: ಮೈಕಟ್ಟು ನೋಡಿ ತೀರ್ಮಾನಿಸಿ. ಒಎಚ್‌ಎಲ್‌ನಲ್ಲಿ ಸೀಸನ್‌ಗೆ 68 ಪಂದ್ಯ, ಜೊತೆಗೆ ಬಸ್ ಪ್ರಯಾಣ. ಕಾಲೇಜಲ್ಲಿ ಅದರ ಅರ್ಧದಷ್ಟು, ಬಹುತೇಕ ಶುಕ್ರವಾರ-ಶನಿವಾರ. ಉಳಿದ ದಿನ ಜಿಮ್‌ಗೆ ಸಮಯ ಸಿಗುತ್ತೆ. ತಡವಾಗಿ ಮೈ ತುಂಬೋ ಹುಡುಗನಿಗೆ ನನ್ನ ಓಟು ಕಾಲೇಜಿಗೆ. 20ಕ್ಕೆ ಸೇರೋರೂ ಇದ್ದಾರೆ, ತಡ ಆಯ್ತು ಅಂತ ಗಾಬರಿ ಬೇಡ. ಒಎಚ್‌ಎಲ್ ಆದ್ರೆ ಮುಂದಿನ ಓದಿಗೆ ತಂಡ ಕೊಡೋ ಸ್ಕಾಲರ್‌ಶಿಪ್ ಎಷ್ಟು ವರ್ಷದ್ದು, ಯಾವಾಗ ರದ್ದಾಗುತ್ತೆ ಅನ್ನೋದು ಒಪ್ಪಂದದಲ್ಲಿ ಬರಹದಲ್ಲೇ ಇರಲಿ.

ದುಡ್ಡಿನ ವಿಷಯ ಅವನಿಗೂ ಈಗಲೇ ಹೇಳಿ. ಎನ್‌ಎಚ್‌ಎಲ್ ಡ್ರಾಫ್ಟ್‌ನಲ್ಲಿ 32 ತಂಡ, 7 ಸುತ್ತು, ಇಡೀ ಜಗತ್ತಿಗೆ 224 ಜಾಗ. ಆಯ್ಕೆಯಾದ್ರೂ ಟೂ-ವೇ ಒಪ್ಪಂದ (ಆಡೋ ಲೀಗ್‌ಗೆ ತಕ್ಕ ಬೇರೆ ಬೇರೆ ಸಂಬಳ) ಇದ್ರೆ ಕೆಳಗಿನ ಲೀಗ್ ಎಎಚ್‌ಎಲ್‌ಗೆ ಕಳಿಸಿದ ದಿನಗಳಿಗೆ ಅಲ್ಲಿನ ಸಂಬಳವೇ, ಅದು ಬಹಳ ಕಡಿಮೆ.

ಸ್ಕೇಟ್ ಅಂಗಡಿ: ಡ್ರಾಫ್ಟ್‌ಗಿಂತ ಮುಂಚೆ ಕಾಲು ನೋಡಿ. ಬೆಳೆಯೋ ಹುಡುಗ ಅಂತ ದೊಡ್ಡ ಸ್ಕೇಟ್ ಕೊಡಿಸ್ತಾರೆ, ಹಿಮ್ಮಡಿ ಒಳಗೇ ಆಡುತ್ತೆ, ಡಿಫೆನ್ಸ್‌ಗೆ ಬೇಕಾದ ಹಿಂದು-ಮುಂದಿನ ತಿರುವು ಬರೋದೇ ಇಲ್ಲ. ಸಾಮಾನ್ಯವಾಗಿ ಶೂಗಿಂತ 1ರಿಂದ 1.5 ಸೈಜ್ ಕಡಿಮೆ ಬೇಕು. ಲೇಸ್ ಕಟ್ಟಿ ನಿಂತಾಗ ಬೆರಳು ತುದಿಗೆ ಸವರಬೇಕು, ಮಂಡಿ ಬಗ್ಗಿಸಿದ್ರೆ ಹಿಂದೆ ಸರೀಬೇಕು. ಹಾಲೋ (ಬ್ಲೇಡಿನ ಅಡಿಯ ಗುಳಿಯ ತ್ರಿಜ್ಯ) ಅರ್ಧ ಇಂಚಿಂದ ಶುರು ಮಾಡಿ, ತೂಕ ಹೆಚ್ಚಿದ ಹಾಗೆ 5/8 ಪ್ರಯತ್ನಿಸಿ: ಕಚ್ಚೋದು ಕಡಿಮೆ, ಜಾರೋದು ಸಲೀಸು. ಒಂದೇ ಕಡೆ ತಿರುವಿನಲ್ಲಿ ಜಾರ್ತಾನೆ ಅಂದ್ರೆ ಹುಡುಗನನ್ನ ಬೈಬೇಡಿ, ಬ್ಲೇಡಿನ ಎರಡು ಅಂಚು ಸಮ ಇದೆಯಾ ನೋಡಿಸಿ.

ರಿಂಕ್ ಫಿಸಿಯೊ: ಡಿಫೆನ್ಸ್ ಹುಡುಗರಿಗೆ ಕೆಟ್ಟ ಪೆಟ್ಟು ಬೀಳೋದು ಮೂಲೆಯಲ್ಲಿ ಪಕ್ (ಆಟದ ಬಿಲ್ಲೆ) ಎತ್ತುವಾಗ. ಬೋರ್ಡ್‌ಗೆ (ರಿಂಕ್ ಸುತ್ತಿನ ಗೋಡೆ) ನೇರ ಹೋಗಬಾರದು. ಎರಡೂ ಭುಜದ ಮೇಲಿಂದ ಹಿಂದೆ ನೋಡಿ, ಓರೆಯಾಗಿ ಹೋಗಬೇಕು. ಬೋರ್ಡ್‌ನಿಂದ ಮೂರ್ನಾಲ್ಕು ಅಡಿ ದೂರದಲ್ಲಿ ಬೆನ್ನು ತೋರಿಸಿ ನಿಂತ್ರೆ ತಲೆ ಹೋಗಿ ಬಡಿಯುತ್ತೆ. ತಲೆಗೆ ಪೆಟ್ಟಾಯ್ತೇನೋ ಅನ್ನೋ ಅನುಮಾನ ಇದ್ರೂ ಆ ದಿನ ಮತ್ತೆ ಐಸ್‌ಗೆ ಇಳಿಸಬೇಡಿ. ವಾಪಸಾತಿಗೆ ಆರು ಹಂತ, ಒಂದೊಂದಕ್ಕೆ ಕನಿಷ್ಠ 24 ಗಂಟೆ, ವೈದ್ಯರ ಒಪ್ಪಿಗೆ ಸಿಗೋವರೆಗೆ ಬಾಡಿ ಚೆಕ್ (ಮೈಯಿಂದ ಗುದ್ದಿ ತಡೆಯೋದು) ಇಲ್ಲ. ಸ್ಕೌಟ್ ಬರ್ತಾರೆ ಅಂತ ಮುಚ್ಚಿಟ್ಟು ಆಡಿಸೋರನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ.

ಬ್ರಾಂಪ್ಟನ್ ಅಪ್ಪ: ಎಲ್ಲರಿಗೂ ವಂದನೆ. ಅವನ ತೂಕ 130 ಪೌಂಡ್, ಸ್ಟಿಕ್ ಫ್ಲೆಕ್ಸ್ (ಬಿಗಿತದ ಅಂಕಿ) 75. ನಾಲ್ಕು ಇಂಚು ಕತ್ತರಿಸಿದ್ದೀವಿ. ಸರಿನಾ?

ಸ್ಕೇಟ್ ಅಂಗಡಿ: ತೂಕದ ಅರ್ಧ, ಅಂದ್ರೆ 65ರ ಆಸುಪಾಸು ಸಾಕು. ಕತ್ತರಿಸಿದಷ್ಟೂ ಸ್ಟಿಕ್ ಬಿಗಿಯಾಗುತ್ತೆ, ನಿಮ್ಮ 75 ಈಗ ಇನ್ನೂ ಬಿಗಿ. ಕತ್ತರಿಸೋದೇ ಆದ್ರೆ 60ರದ್ದು ತಗೊಳ್ಳಿ.